ಅಳತೆ ಪುಸ್ತಕದ ಹಿಂದಿನ ಹಾಳೆಗಳು

ಮುಂದಿನಿಂದ ತೆರೆದರೆ ರವಿಕೆಗಳು:
ಎದೆ ಮೂವತ್ತಾರು, ತೋಳು ಒಂಬತ್ತೂವರೆ,
ಬುರುಜನಹಟ್ಟಿಯ ಅರ್ಧ ಹೆಂಗಸರ ಬೆನ್ನು
ನನ್ನ ಕೈಬರಹದಲ್ಲಿದೆ.
ಹಿಂದಿನಿಂದ ತೆರೆದರೆ ಪತಂಗಗಳು.

ಶುರುವಾದದ್ದು ದಸರೆಯ ಹಿಂದಿನ ವಾರ.
ರಾತ್ರಿ ಹನ್ನೊಂದಾದರೂ ಮಿಷನ್ನು ತುಳಿಯುತ್ತಿದ್ದೆ.
ಕೋಟೆಯ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ನಮ್ಮ ಹಿತ್ತಲಿಗೆ ಉಗುಳುವ ಹೊತ್ತು.
ಬಲ್ಬಿನ ಕೆಳಗೆ, ಯಾರದೋ ಬಿಳಿ ಲಂಗದ ಮೇಲೆ
ಬಂದು ಕೂತಿತ್ತು ಹಸಿರು.
ಒಂದೇ ಹಸಿರಲ್ಲ: ಪಾಚಿ, ಗಿಳಿ, ಬಾಡಿದ ಸಬ್ಬಸಿಗೆ,
ನಡುವೆ ತೆಳು ಗುಲಾಬಿ ಪಟ್ಟಿ.
ಅಂಥ ಪ್ರಿಂಟು ಸಂತೇಪೇಟೆಯ ಯಾವ ಅಂಗಡಿಯಲ್ಲೂ ಇಲ್ಲ.
ಟೇಪು ಹಿಡಿದೆ. ಮೂರೂಮುಕ್ಕಾಲು ಇಂಚು.
ಬೆಳಗ್ಗೆ ಹುಡುಕಿದರೆ ನಂದಿಬಟ್ಟಲ ಗಿಡದಲ್ಲಿ
ಅದರ ಕೂಸು, ಎರಡು ನೀಲಿ ಸುಳ್ಳುಗಣ್ಣು ಬಿಡಿಸಿಕೊಂಡು
ಎಲೆಯನ್ನು ಅಂಚಿನಿಂದ ಕತ್ತರಿಸುತ್ತಿತ್ತು,
ನನಗಿಂತ ನೇರ.

ಪಕ್ಕದ ಮನೆಯ ಓಬಳೇಶ, ಏಳನೇ ಕ್ಲಾಸು,
ಬೀದಿಕಂಬದ ಬುಡದಿಂದ ಬೆಂಕಿಪೊಟ್ಟಣದಲ್ಲಿ ತರುತ್ತಾನೆ.
"ಇದು ಚಿಟ್ಟೆಯಾ, ದೊಡ್ಡಮ್ಮ?"
ಮೀಸೆ ನೋಡೋ, ಅನ್ನುತ್ತೇನೆ.
ತುದಿಯಲ್ಲಿ ಗುಂಡುಸೂಜಿಯ ತಲೆ ಇದ್ದರೆ ಚಿಟ್ಟೆ,
ಬರೀ ದಾರವಾದರೆ, ಇಲ್ಲಾ ಗರಿಯಾದರೆ, ಇರುಳಿನದು.
ಆದರೂ ಬಿಳಿ ಮೈಗೆ ಕೆಂಪು ಕಪ್ಪು ಚುಕ್ಕಿ ಇಟ್ಟುಕೊಂಡದ್ದೊಂದು
ಗಿಲಗಿಚ್ಚಿ ಗಿಡದ ಬುಡದಲ್ಲಿ ಹಾಡುಹಗಲೇ ಹಾರುತ್ತದೆ.
ನಿಯಮ ಅಂದರೆ ಅಷ್ಟೇ.
ತೋಳು ಕೂರಿಸಿದ ಮೇಲೂ ಒಮ್ಮೊಮ್ಮೆ ಬಿಚ್ಚಬೇಕಾಗುತ್ತದೆ.

ಹರಳುಗಿಡದ ಹುಳ ಗೇಣು ಹಾಕುತ್ತ ನಡೆಯುತ್ತದೆ,
ಮೈಯೇ ಟೇಪು. ಅಳತೆ ಮುಗಿಯುವುದರೊಳಗೆ
ಎಲೆಯೇ ಮುಗಿದಿರುತ್ತದೆ.
ಜಾಲಿಯ ಮೇಲಿನದು ನನ್ನ ಕಸುಬಿನದು:
ಕಡ್ಡಿ ಕತ್ತರಿಸಿ, ನೂಲು ಹಾಕಿ, ತನಗೆ ತಾನೇ ಅಂಗಿ ಹೊಲಿದು
ಅದರೊಳಗೇ ತೂಗುತ್ತದೆ.
ಗಂಡಿಗೆ ಒಂದು ದಿನ ರೆಕ್ಕೆ ಬರುತ್ತದೆಯಂತೆ.
ಹೆಣ್ಣಿಗಿಲ್ಲ. ಆ ಅಂಗಿಯಲ್ಲೇ ಮದುವೆ, ಬಸಿರು, ಸಾವು.
ಕಾಲೇಜಿನಲ್ಲಿ ಪಾಠ ಹೇಳುವ ಪದ್ಮಾಂಬಿಕಾ ಮೇಡಂ
ಕನ್ನಡಿಯ ಮುಂದೆ ಟ್ರಯಲ್ ನೋಡುತ್ತಾ ಇದನ್ನು ಹೇಳಿದಾಗ
ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದೆ. ಮಾತಾಡಲಿಲ್ಲ.

ಮೊಳಕಾಲ್ಮೂರು ಸೀರೆ ಬಂದಾಗ ಮಾತ್ರ
ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕೋ ತಿಳಿಯುವುದಿಲ್ಲ.
ಬರೆದುಕೊಳ್ಳೋಣವೆಂದರೆ ಅದಕ್ಕೆ ರೆಕ್ಕೆ ಮೂಡಲು ಬಿಟ್ಟಿರುವುದಿಲ್ಲ.
ಕತ್ತರಿ ಆಡಿಸುವಾಗ ಸದ್ದು ಮಾಡುತ್ತದೆ,
ತರಗೆಲೆಯ ಮೇಲೆ ಯಾರೋ ನಡೆದ ಹಾಗೆ.

ಈಗ ಅಮೃತಬಳ್ಳಿಯ ವಿಷಯ.
ಹಿರಿಯೂರಿನಿಂದ ಮೈದುನ ಕರಿಯಣ್ಣ ಬಂದಿದ್ದ.
ಚೀಲದಲ್ಲಿ ದಾಳಿಂಬೆ, ಹಣ್ಣುಹಣ್ಣಿಗೂ ಸೂಜಿತೂತು,
ತೂತಿನ ಸುತ್ತ ಕೊಳೆ.
"ರಾತ್ರಿ ಬಂದು ಚುಚ್ಚುತ್ತದೆ ಅತ್ತಿಗೆ,
ಬ್ಯಾಟರಿ ಬಿಟ್ಟರೆ ಕಣ್ಣು ಕೆಂಡದ ಹಾಗೆ.
ನಿಮ್ಮ ಪುಸ್ತಕದಲ್ಲಿದೆಯಾ?"
ಇದೆ. ಹೊರಗೆ ತರಗೆಲೆ ಬಣ್ಣದ ಬಟ್ಟೆ,
ಒಳಗೆ ಕಿತ್ತಳೆ ಅಸ್ತರು, ಅಸ್ತರಿಗೆ ಕಪ್ಪು ಅಂಚು.
ಸೊಂಡಿಲು ನನ್ನ ಹದಿನಾರನೇ ನಂಬರಿನ ಸೂಜಿ.
ಮರಿಯ ಊಟ ಯಾವುದು ಎಂಬ ಸಾಲನ್ನು ಮಾತ್ರ
ಹೆಬ್ಬೆರಳಲ್ಲಿ ಮುಚ್ಚಿ ತೋರಿಸಿದೆ.

ಅವನ ಬೆನ್ನ ಹಿಂದೆಯೇ ಬೇಲಿ, ಬೇಲಿಯ ಮೇಲೆ ಬಳ್ಳಿ.
ಮಂಡಿನೋವಿಗೆ ದಿನಾ ಅದರದ್ದೇ ಕಷಾಯ.
ಅವನು ಬಸ್ಸು ಹತ್ತಿದ ಮೇಲೆ ಕತ್ತರಿ ಹಿಡಿದು ಹೋದೆ.
ಮೂರು ಮರಿಗಳು, ತಲೆ ಮಡಚಿ ಒಳಗಿಟ್ಟು,
ಪಕ್ಕೆಯ ಮೇಲಿನ ಕಣ್ಣುಗಳಿಂದ ನೋಡಿದವು.
ನನಗೆ ಬೇಕಾದಷ್ಟು ಕಾಂಡ ಕೊಯ್ದುಕೊಂಡೆ.
ಎಲೆ ಮುಟ್ಟಲಿಲ್ಲ.

ಕರಿಯಣ್ಣನಿಗೆ ಫೋನು ಮಾಡಿ
ಹಣ್ಣಿಗೆ ಚೀಲ ಹೊಲಿದು ಕಳಿಸುತ್ತೇನೆ ಅಂದೆ.
ಪುಸ್ತಕದ ಮುಂಭಾಗದಲ್ಲಿ, ರವಿಕೆಗಳ ನಡುವೆ ಬರೆದಿದ್ದೇನೆ:
ದಾಳಿಂಬೆ. ಸುತ್ತಳತೆ ಹತ್ತೂವರೆ. ಕುತ್ತಿಗೆ ಸಡಿಲ.
ಇನ್ನೂರು ಕೇಳಿದ್ದಾನೆ.
ನಲವತ್ತಾಗಿದೆ.