ಹಿಂದಿನ ಪುಟಗಳು

ಇಪ್ಪತ್ತೆಂಟು ವರ್ಷ ತೂಬಿನ ಕೀಲಿ ಹಿಡಿದವನು ನಾನು,
ಮಂಚಯ್ಯ, ನೀರುಗಂಟಿ, ಮಂಡ್ಯದ ಮಗ್ಗುಲ ಉಪನಾಲೆ.
ಯಾರ ಗದ್ದೆಗೆ ಯಾವ ಜಾವ, ಕೀಲಿಗೆ ಎಷ್ಟು ತಿರುವು,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಈಜು ಮಾತ್ರ ಬರದು.
ಊರಿಗೆ ಈ ಗುಟ್ಟು ಗೊತ್ತಿರಲಿಲ್ಲ,
ಹೋದ ಶ್ರಾವಣದಲ್ಲಿ ಆ ಕರು ತೇಲಿ ಬರುವ ತನಕ.

ಹಣೆಯಲ್ಲಿ ಬಿಳಿ ಚುಕ್ಕೆ. ಮುಳುಗಿತು, ಎದ್ದಿತು,
ನನ್ನನ್ನೇ ನೋಡಿತು ಅನ್ನಿಸಿತು.
ಏರಿಯ ಮೇಲೆ ನಾನು, ಕಾಲು ನೆಟ್ಟ ಗೂಟ.
ಬಟ್ಟೆ ಒಗೆಯುತ್ತಿದ್ದ ದೇವೀರಮ್ಮ ಸೆರಗು ಸಿಕ್ಕಿಸಿ ಹಾರಿದಳು,
ಅರವತ್ತರ ಹೆಂಗಸು, ಕಿವಿ ಹಿಡಿದು ದಡಕ್ಕೆ ಎಳೆದಳು.
ಯಾರೂ ಏನೂ ಅನ್ನಲಿಲ್ಲ.
ಅದೇ ಕಷ್ಟವಾಯಿತು.

ಯುಗಾದಿ ಕಳೆದು ನಾಲೆ ನಿಲ್ಲಿಸಿದರು, ಹೂಳು ತೆಗೆಯಲು.
ಅವಳ ಹಟ್ಟಿಗೆ ಹೋಗಿ ಎಲೆ ಅಡಿಕೆ ಇಟ್ಟು ಕೇಳಿದೆ.
ನಕ್ಕಳು. 'ನೀರು ಬಂದ್ ಮೇಲಲ್ಲ ಕಣೋ, ಈಗ್ಲೇ ಶುರು ಮಾಡು.
ಮೊದ್ಲು ತಳ ನೋಡ್ಕಂಡ್ ಬಾ.'

ನಡೆದೆ, ಬರಿಗಾಲಲ್ಲಿ, ಕೀಲಿಯ ಕೋಲಿನಿಂದ ಅಳೆಯುತ್ತ.
ನನ್ನ ಭಯವೆಲ್ಲ ಇಲ್ಲೇ ವಾಸ ಅಂದುಕೊಂಡಿದ್ದೆ;
ಇದ್ದದ್ದು ಒಂದು ಸೈಕಲ್ ಬೆಲ್, ಬಳೆ ಚೂರು, ಒಂಟಿ ಚಪ್ಪಲಿ,
ಯಾರೋ ಸಿಟ್ಟಿನಲ್ಲಿ ಎಸೆದ ರೇಡಿಯೋ.
ಮೆಟ್ಟಿಲ ಬಳಿ ಮಂಡಿಮಟ್ಟ. ಹತ್ತು ಹೆಜ್ಜೆಗೆ ಸೊಂಟ.
ಹೊಂಗೆ ಮರದ ನೇರಕ್ಕೆ ಎದೆ. ಅದರಾಚೆ ಗುಂಡಿ, ಬೇಡ.
ಕಲ್ಲಿಗೆ ಸುಣ್ಣದ ಗೆರೆ ಎಳೆದೆ.

ಊರಿನ ಸರದಿ ಬರೆಯುವ ರಿಜಿಸ್ಟರನ್ನು ಹಿಂದಿನಿಂದ ತಿರುವಿ
ನನ್ನ ಸರದಿ ಬರೆದೆ:
ಕನ್ನಂಬಾಡಿ ನೀರು ಬಿಟ್ಟ ನಾಲ್ಕನೇ ದಿನ, ಮಂಡಿಮಟ್ಟ, ಮುಖ ಮುಳುಗಿಸುವುದು.
ತಿಂಗಳಿಗೆ ಸೊಂಟ.
ಗಣೇಶನನ್ನು ಬಿಡುವ ಹೊತ್ತಿಗೆ ಎದೆ.

ಆದರೆ ಏರಿ ಒಡೆಯುವುದು ಪ್ರವಾಹಕ್ಕಲ್ಲ,
ಏಡಿ ಬಿಲಕ್ಕೆ. ಅದು ನನಗೆ ಗೊತ್ತು.
ಇರುಳೆಲ್ಲ ಸದ್ದಿಲ್ಲದೆ ಜಿನುಗಿ
ಬೆಳಕು ಹರಿಯುವಷ್ಟರಲ್ಲಿ ಅರ್ಧ ಪೈರು ಮಲಗಿರುತ್ತದೆ.
ಅದಕ್ಕೇ ನನ್ನ ಬಿಲಗಳನ್ನೂ ಮೊದಲೇ ಬರೆದಿಟ್ಟೆ.
ಚಳಿ ಅಂತೀಯ: ಅವತ್ತು ಮೆಟ್ಟಿಲ ಮೇಲೆ ಕೂತು ಕಾಲಾದರೂ ಇಳಿಬಿಡು.
ಹುಡುಗರು ನಗ್ತಾರೆ ಅಂತೀಯ: ಸ್ಕೂಲಿನ ಗಂಟೆ ಕೇಳಿದ ಮೇಲೆ ಹೋಗು.
ವಯಸ್ಸಾಯ್ತು ಅಂತೀಯ: ದೇವೀರಮ್ಮನದು ಬರಿ, ಕೆಳಗೆ ನಿನ್ನದು ಬರಿ, ಕಳಿ.
ಒಂದು ದಿನ ತಪ್ಪಿದರೆ ತಪ್ಪಿತು ಅಂತ ಬರಿ. ಪುಟ ಹರಿಯಬೇಡ.

ತಪ್ಪಿತು. ಬಹಳ ತಪ್ಪಿತು.
ಆಷಾಢದ ಗಾಳಿಯಲ್ಲಿ ಒಂಬತ್ತು ದಿನ ಬರೀ ತಪ್ಪಿತು, ತಪ್ಪಿತು,
ನಡುವೆ ಒಂದೇ ಕಡೆ 'ಕಾಲು ಇಳಿಬಿಟ್ಟೆ'.
ಆ ಸಾಲನ್ನು ಈಗಲೂ ಬೆರಳಿನಿಂದ ಮುಟ್ಟಿ ನೋಡುತ್ತೇನೆ,
ಮೆತ್ತಿದ ಮಣ್ಣು ಗಟ್ಟಿಯಾಗಿದೆಯೇ ಅಂತ.

ಅಂಗಾತ ಮಲಗಿಸಿ ಕತ್ತಿನ ಕೆಳಗೆ ಎರಡು ಬೆರಳಿಡುತ್ತಿದ್ದಳು ದೇವೀರಮ್ಮ,
ಕೂಸಿಗೆ ಎರೆಯುವವಳ ಹಾಗೆ, ಬೈಯುತ್ತ.
ಯಾವತ್ತು ಬೆರಳು ತೆಗೆದಳೋ, ಹೇಳಲಿಲ್ಲ.
ಕಾರ್ತಿಕದ ಆಕಾಶ ಇತ್ತು,
ಕಬ್ಬಿನ ಸೂಲಂಗಿ ತಲೆಕೆಳಗಾಗಿ ಅಲ್ಲಾಡುತ್ತಿತ್ತು,
ಕಿವಿಯೊಳಗೆ ನಾಲೆ ತನ್ನಷ್ಟಕ್ಕೆ ಏನೋ ಎಣಿಸುತ್ತಿತ್ತು.
ಹನ್ನೊಂದರ ತನಕ ನಾನೂ ಎಣಿಸಿದೆ.
ಆಮೇಲೆ ಮೂಗಿನ ತುಂಬ ನೀರು.

ಮೊನ್ನೆ ಇಂಜಿನಿಯರ್ ಸಾಹೇಬರು ತಪಾಸಣೆಗೆ ಬಂದರು.
ಜೀಪಿನ ಮೂತಿಯ ಮೇಲೆ ರಿಜಿಸ್ಟರ್, ಗಾಳಿಗೆ ಹಿಂದಿನ ಪುಟ ತೆರೆಯಿತು.
'ಇದೇನಯ್ಯ, ಎದೆಮಟ್ಟ, ಹನ್ನೊಂದು? ಯಾರ ಗದ್ದೆ?'
'ಸಣ್ಣ ಹಿಡುವಳಿ ಸ್ವಾಮಿ,' ಅಂದೆ,
'ನಾಲೆಯ ಕೊನೇ ಭಾಗದ್ದು.
ಇಷ್ಟು ವರ್ಷ ನೀರು ಮುಟ್ಟಿರಲಿಲ್ಲ.'
ಹೂಂ ಅಂದು ಸಹಿ ಹಾಕಿದರು.