ಚಕ್ಕುಬಂದಿ

ಗಂಗಾವತಿ ರಿಜಿಸ್ಟ್ರಾರ್ ಆಫೀಸಿನ ಕಟ್ಟೆ ಮೇಲೆ
ಮೂವರು ಕುಂತಿದ್ದೆವು, ನಡುವೆ ಒಂದು ನೀರಿನ ಬಾಟ್ಲಿ.
ಮಾನ್ವಿಯಿಂದ ಅಂಬಮ್ಮಕ್ಕ, ಕಂಪ್ಲಿಯಿಂದ ಹುಲಿಗಿ,
ನಾನು ಇಲ್ಲೇ, ರೈಸ್ ಮಿಲ್ಲಿನ ಹಿಂದಿನ ಓಣಿ.
ತಮ್ಮ ಪಂಪಣ್ಣ ಝೆರಾಕ್ಸ್ ಅಂಗಡಿಗೂ ಬಾಂಡ್ ರೈಟರ್ ಮೇಜಿಗೂ
ನಾಲ್ಕು ಸಲ ಓಡಾಡಿದ.
ನಮ್ಮ ಕಡೆ ನೋಡಲಿಲ್ಲ. ನಾವೂ ಅವನ ಕಡೆ ನೋಡಲಿಲ್ಲ.
ಬೈಕಿನ ಹ್ಯಾಂಡಲಿಗೆ ಮೂರು ಸೀರೆಯ ಚೀಲ ತೂಗುತ್ತಿತ್ತು.

ಕನ್ನಡಕ ಮೂಗಿನ ತುದಿಗಿಳಿಸಿ ಬಾಂಡ್ ರೈಟರ್ ಓದಿದ:
ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥಚಿತ್ತದಿಂದ,
ಸ್ವಸಂತೋಷದಿಂದ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದು,
ಸದರಿ ಜಮೀನಿನ ಚಕ್ಕುಬಂದಿ,
ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ದುರುಗಪ್ಪನ ಗದ್ದೆ,
ಉತ್ತರಕ್ಕೆ ಹಳ್ಳ,
ದಕ್ಷಿಣಕ್ಕೆ ಕಾಲುವೆ.

ಕಾಲುವೆ ಅಂದದ್ದೇ
ಹುಲಿಗಿಯ ಮೊಣಕೈ ನನ್ನ ಪಕ್ಕೆಗೆ ತಿವಿಯಿತು.
ನಾನು ಗೋಡೆಯ ಮೇಲಿನ ಮುದ್ರಾಂಕ ಶುಲ್ಕದ ಪಟ್ಟಿ
ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದೆ.

ಮೂವತ್ತೊಂದು ವರ್ಷದ ಹಿಂದೆ
ಆ ಕಾಲುವೆ ಪಕ್ಕದ ಬದುವಿನಿಂದ, ಬುತ್ತಿಗಂಟಿನ ಸಮೇತ,
ಅಂಬಮ್ಮಕ್ಕ ನಾಟಿ ಗದ್ದೆಗೆ ಬಿದ್ದಿದ್ದಳು, ಬೋರಲು.
ಕಣ್ಣೆರಡು ಬಿಟ್ಟರೆ ಉಳಿದದ್ದೆಲ್ಲ ಕೆಸರು.
ಹಂಗೇ ಮನೆಗೆ ಬಂದರೆ ಪಡಸಾಲೆಯಲ್ಲಿ
ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದು ಕುಂತಿದ್ದರು
ಹುಡುಗನ ಕಡೆಯವರು.
ರುಮಾಲಿನ ಮಾವ, ಯಾರೋ ಆಳು ಅಂತ ತಿಳಿದು,
"ಏ ತಂಗಿ, ಹುಡುಗಿ ಎಲ್ಲಿ? ಬರಾಕ ಹೇಳು."
ಅಕ್ಕ, ಕೆಸರಿನೊಳಗಿಂದ, ಭಾಳ ಮರ್ಯಾದೆಯಿಂದ,
"ತೊಳಕೊಂಡು ಬರ್ತಾಳ್ರಿ."

ಮಾವ ಮಂಡಾಳು ಒಗ್ಗರಣೆಯ ತಟ್ಟೆ ಕೆಳಗಿಟ್ಟ.

ಆ ಸಂಬಂಧ ಕೂಡಲಿಲ್ಲ. ಬಚ್ಚಲಲ್ಲಿ ಅಡಗಿ ನಗುತ್ತಿದ್ದ ನಮ್ಮನ್ನು
ಹೊಡೆಯಲು ಬಂದ ಅವ್ವ ಬಾಗಿಲಿಗೆ ಹಣೆ ಹಚ್ಚಿ ತಾನೂ ನಕ್ಕಳು.
ಆಮೇಲೆ ಮದುವೆ ಮನೆ, ಹೆರಿಗೆ ಆಸ್ಪತ್ರೆ, ಎಲ್ಲೇ ಆಗಲಿ
ಆ ಒಂದು ಮಾತು ಬಿದ್ದರೆ ಮುಗೀತು.
ಅಪ್ಪನ ಮೂರನೇ ದಿನ
ಅಯ್ಯನೋರು ಕಾಲು ತೊಳಕೊಂಡು ಬರ್ರಿ ಅಂದಾಗ
ನಾವು ಸೆರಗು ಬಾಯಿಗೆ ತುರುಕಿಕೊಂಡದ್ದು ನೋಡಿ
ಓಣಿಯೆಲ್ಲ ಬಂದು ಸಮಾಧಾನ ಹೇಳಿತ್ತು.

ಒಳಗೆ ಹೆಬ್ಬೆಟ್ಟಿನ ಮಿಷನ್ನು.
ನನ್ನದು ಬಂತು. ಹುಲಿಗಿಯದು ಬಂತು.
ಅಕ್ಕನದು ಬರಲಿಲ್ಲ. ಒರೆಸಿ ಇಟ್ಟಳು, ಒತ್ತಿ ಇಟ್ಟಳು,
ಮೆಣಸಿನಕಾಯಿ ತೊಟ್ಟು ಮುರಿದು ಮುರಿದು
ಗೆರೆ ಸವೆದು ಹೋದ ಬೆರಳು.
ಹಿಂದೆ ಪಂಪಣ್ಣನ ಉಸಿರು ನಿಂತಿತ್ತು.
ಮೀಸೆ ಇನ್ನೂ ಸರಿಯಾಗಿ ಮೂಡದ ಆಪರೇಟರ್ ಹುಡುಗ
ತಲೆ ಎತ್ತದೆ ಹೇಳಿದ,
"ಅಮ್ಮಾ, ಹೋಗಿ ತೊಳಕೊಂಡು ಬರ್ರಿ."

ಮೊದಲು ಹುಲಿಗಿ, ಕುಕ್ಕರಿನ ಸೀಟಿಯಂತೆ.
ಅಕ್ಕ ಮೇಜಿನ ಅಂಚು ಹಿಡಿದೇ ನೆಲಕ್ಕೆ ಇಳಿದಳು.
ನನಗೆ ಕಣ್ಣು ಕಾಣಲಿಲ್ಲ, ಯಾರದೋ ಫೈಲಿಗೆ ಆತುಕೊಂಡೆ,
ಅದೂ ಬಿತ್ತು.
ಸಾಹೇಬರು ಪೆನ್ನಿಗೆ ಕ್ಯಾಪು ಹಾಕಿದರು.
ಸ್ವಸ್ಥಚಿತ್ತ ಅಂತ ಬರೆದಿದ್ದ ಬಾಂಡ್ ರೈಟರ್
ಕನ್ನಡಕ ತೆಗೆದು ನಮ್ಮನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದ.

"ಕ್ಯಾಮೆರಾ ನೋಡ್ರಿ. ನಗಬ್ಯಾಡ್ರಿ."
ಮೂರು ಸಲ ತೆಗೆದ. ಮೂರನೆಯದರಲ್ಲೂ
ಅಕ್ಕನ ಹಲ್ಲು, ನನ್ನ ಮುಚ್ಚಿದ ಕಣ್ಣು, ಹುಲಿಗಿಯ ಬರೀ ಬೈತಲೆ.
"ಇರಲಿ ಬಿಡು" ಅಂದರು ಸಾಹೇಬರು.
ಊಟದ ಹೊತ್ತಾಗಿತ್ತು.

ಹೊರಗೆ ಬಂದ ಮೇಲೆ ಪಂಪಣ್ಣ ಮೊದಲ ಸಲ ನಮ್ಮ ಮುಖ ನೋಡಿದ.
"ಏನದು ನಗಿ? ನನಗೂ ಹೇಳ್ರಲ್ಲ."
ಅವನಾಗ ತೊಟ್ಟಿಲಲ್ಲಿದ್ದ.
ಹುಲಿಗಿ ಬಾಯಿ ತೆರೆದಳು, ಅಕ್ಕ ಅವಳ ರಟ್ಟೆ ಚಿವುಟಿದಳು.
"ಏನಿಲ್ಲಪ್ಪ" ಅಂದು ಸೀರೆಯ ಮಡಿಕೆ ಬಿಚ್ಚಿದಳು,
"ಇದಕ್ಕ ಜಂಪರ್ ಪೀಸು ಎಲ್ಲೈತೋ?"
ಅವನು ಚೀಲ ತಡಕಿದ, ಬಿಲ್ಲು ತಡಕಿದ,
ಬೈಕ್ ಹತ್ತಿ ಅಂಗಡಿಗೆ ಓಡಿದ.

ಮತ್ತೆ ಕಟ್ಟೆ. ಬಾಟ್ಲಿ ಖಾಲಿ.
ಕೊನೆಗೆ ಮಸಿಯಲ್ಲೇ ಒತ್ತಿಸಿದ್ದ ಅಕ್ಕನ ಹೆಬ್ಬೆಟ್ಟು
ನೀಲಿಯಾಗಿತ್ತು. ಹೊಸ ಸೀರೆಗೆ ಹತ್ತೀತು ಅಂತ
ಅದೊಂದನ್ನೇ ದೂರ ಹಿಡಿದು ಕುಂತಿದ್ದಳು.
"ಒರಸ್ಕೊ" ಅಂದೆ ನಾನು.
ಬೇಕಂತಲೇ ಬೇರೆ ಶಬ್ದ ಬಳಸಿದ್ದೆ.
ಅಷ್ಟರಲ್ಲೇ ಅವಳ ಭುಜ ಅಲುಗತೊಡಗಿತ್ತು.