ಆರು ಹೆಚ್ಚು

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ
ಝುವಾರಿನಗರದ ನಮ್ಮ ಕನ್ನಡ ಶಾಲೆಯ ಪಡಸಾಲೆ
ಹೆಂಗಸರದು.
ಬಿಳಿ ನೂಲು ತಂದರೆ ಸಂಜೆಯೊಳಗೆ ಬೂದಿಬಣ್ಣ,
ಬಂದರಿನ ಕಲ್ಲಿದ್ದಲ ಪುಡಿ
ಯಾರನ್ನೂ ಕೇಳಿ ಒಳಗೆ ಬರುವುದಿಲ್ಲ.
ಈ ಸಲ ಕೆಂಪೇ ಇರಲಿ ಎಂದವಳು ದಾವಲಬಿ.

ಮೊದಲ ಆರು ಕುಣಿಕೆ ಹಾಕಿದ್ದು ಎಸ್ಪೆರಾನ್ಸಾ ಬಾಯಿ,
ಇಗರ್ಜಿಯ ಬಟ್ಟೆಗೆ ನಲವತ್ತು ವರ್ಷ ಅಂಚು ಹೆಣೆದ ಕೈ.
ಆರನ್ನೂ ಉಂಗುರ ಮಾಡಿ, ಕ್ರೋಶಾ ಕಡ್ಡಿ ಸಮೇತ
ನನ್ನ ಮಡಿಲಲ್ಲಿಟ್ಟು ಕೊಂಕಣಿಯಲ್ಲಿ ಹೇಳಿದಳು:
ಇನ್ನು ಕಣ್ಣು ಹಿಡಿಯುವುದಿಲ್ಲ, ಟೀಚರ್, ಮುಂದಿನದು ನಿಮ್ಮದು.
ಪೊರೆ ತೆಗೆಸಲು ಮಡಗಾಂವಿಗೆ ಹೋದವಳು
ತಂಗಿಯ ಮನೆಯಲ್ಲೇ ನಿಂತಳು.

ನಿಯಮ ನನ್ನದು, ಸರಳ:
ಪ್ರತಿ ಕುಣಿಕೆಯೊಳಗೆ ಎರಡು ಕುಣಿಕೆ. ಅಷ್ಟೆ.
ಆರು ಹನ್ನೆರಡಾಯಿತು, ಹನ್ನೆರಡು ಇಪ್ಪತ್ತನಾಲ್ಕು.
ಮೂರನೆಯ ಸಾಲಿಗೇ ಚಪ್ಪಟೆ ಕೂರಲು ಒಲ್ಲೆ ಎಂದಿತು;
ಇತ್ತ ಒತ್ತಿದರೆ ಅತ್ತ ಏಳುತ್ತದೆ.
"ಹುಂಜದ ಜುಟ್ಟು ಆತಲ್ರೀ!" ಎಂದಳು ಚಂಪಿಬಾಯಿ.
ಹೆಡ್ಮಾಸ್ತರರು ಬಗ್ಗಿ ನೋಡಿ
ಟೋಪಿಯೋ ಎಂದರು, ಚೀಲವೋ ಎಂದರು,
ನೂಲಿನ ಬಿಲ್ ನೋಡಿ ಏನೂ ಅನ್ನಲಿಲ್ಲ.

ಇದಕ್ಕೊಂದು ದೊಡ್ಡ ಹೆಸರಿದೆ, ನನಗೆ ಗೊತ್ತಿತ್ತು.
ಬರೆಯಲು ಸೀಮೆಸುಣ್ಣ ಎತ್ತಿದ್ದೆ ಕೂಡ.
ಅಷ್ಟರಲ್ಲಿ ಹುಲಿಗೆವ್ವ,
ಬೈನಾದಲ್ಲಿ ಮೀನಿನ ಬುಟ್ಟಿಗೆ ಐಸು ಒಡೆಯುವವಳು,
ಎರಡನೇ ಇಯತ್ತೆಗೇ ಶಾಲೆಯ ಮೆಟ್ಟಿಲಿಳಿದವಳು:
"ಟೀಚರ, ಒಂದು ಹೇಳ್ಲೇನ್ರಿ? ನಗಬ್ಯಾಡ್ರಿ ಮತ್ತ.
ಹಿಂದಿನ ಸಾಲು ಅಷ್ಟೂ ಕೂಡಿಸೇನಿ.
ಈಗಿಂದು ಯಾವಾಗ್ಲೂ ಅದಕ್ಕಿಂತ ಆರು ಹೆಚ್ಚು."

ಹುಣಸೆಬೀಜ ಇಟ್ಟು ಎಣಿಸಿದೆವು.
ಆರೂ ಹನ್ನೆರಡೂ ಹದಿನೆಂಟು; ಮುಂದಿನದು ಇಪ್ಪತ್ತನಾಲ್ಕು.
ಐದು ಸಾಲು ಸೇರಿ ನೂರಾ ಎಂಬತ್ತಾರು;
ಆರನೆಯದೊಂದೇ ನೂರಾ ತೊಂಬತ್ತೆರಡು.
ಹದಿನೇಳು ವರ್ಷ ಕಲಿಸಿದ್ದೇನೆ ಈ ಶ್ರೇಢಿಯನ್ನು.
ಸೂತ್ರದಲ್ಲಿ ಆ ಆರು
ಕಳೆಯುವ ಚಿಹ್ನೆಯ ಹಿಂದೆ ಕೂತಿರುತ್ತದೆ,
ಅದರ ಮುಖ ನೋಡಿರಲಿಲ್ಲ.

"ಆ ಆರು ಯಾರದು?" ದಾವಲಬಿ ಕೇಳಿದಳು.
ಹುಲಿಗೆವ್ವ ನೆರಿಗೆ ಬಿಡಿಸುತ್ತ, ಇನ್ನೂ ಒಳಗೆ ಬೆರಳಿಳಿಸಿ
ನಟ್ಟನಡುವಿನ ಉಂಗುರ ಮುಟ್ಟಿ ತೋರಿಸಿದಳು.

ಎಂಟನೆಯ ಸಾಲು ಮೂರು ವಾರ ತಿಂದಿತು.
ಒಂಬತ್ತನೆಯದು ಒಬ್ಬಿಬ್ಬರ ಕೆಲಸವಾಗಿ ಉಳಿಯಲಿಲ್ಲ.
ಕಟಿಂಗ್ ಅಂಗಡಿಯವನ ಹೆಂಡತಿ ಬಂದಳು,
ಹಿಟ್ಟಿನ ಗಿರಣಿಯ ಹುಡುಗ ಬಂದ, ನಾಚುತ್ತ,
ಎಲ್ಲರಿಗಿಂತ ಬಿಗಿ ಅವನ ಕುಣಿಕೆ.
ಅಂಚು ಅಳೆದರೆ ಎಂಟು ಗಜದ ಇಳಕಲ್ಲನ್ನು
ಒಂದು ಗೇಣು ಮೀರಿತು;
ಮುದುರಿದರೆ ಎರಡು ಬೊಗಸೆಯಲ್ಲಿ ಕೂರುತ್ತದೆ.

ಕೋಲ್ವಾ ದಂಡೆಗೆ ಮಣಿಸರ ಮಾರಲು ಹೋಗುವ ಚಂಪಿಬಾಯಿ
ಹಾದಿಯಲ್ಲಿ ಮಡಗಾಂವಿಗೆ ಒಯ್ದು ತೋರಿಸಿ ಬಂದಳು.
ಎಸ್ಪೆರಾನ್ಸಾ ಹೊಸ ಕಣ್ಣಿನಿಂದ ನೋಡಲೇ ಇಲ್ಲವಂತೆ.
ಕಣ್ಣು ಮುಚ್ಚಿ ಬೆರಳಾಡಿಸಿದಳಂತೆ, ಚಹಾ ಆರುವವರೆಗೆ.
"ಏಳನೇ ಸಾಲಿನಾಗ ಒಂದು ಕುಣಿಕಿ ತಪ್ಪೇತಿ, ಅಂದ್ಳು."

ಏಳರಲ್ಲಿ ಒಂದು ತಪ್ಪಿದರೆ ಎಂಟರಲ್ಲಿ ಎರಡು,
ಒಂಬತ್ತರಲ್ಲಿ ನಾಲ್ಕು.
ಆ ಸಾಲು ನನ್ನದು. ಬಾಯಿ ಬಿಡಲಿಲ್ಲ.
ಕೆಂಪು ನೂಲು ಬೇರೆ ಮುಗಿದಿತ್ತು,
ಅಂಗಡಿಯಲ್ಲಿ ಉಳಿದದ್ದು ಬಿಳಿ ಮಾತ್ರ.
ಬಿಚ್ಚೋಣವೇ, ಅಂದೆ.

ಐಸಿಗೆ ಮರಗಟ್ಟಿದ ಬೆರಳನ್ನು ಕಂಕುಳಲ್ಲಿ ಬೆಚ್ಚಗಿಟ್ಟು
ಹುಲಿಗೆವ್ವ ತುಸು ಹೊತ್ತು ತುಟಿಯಲ್ಲೇ ಕೂಡಿ ಕಳೆದಳು.
"ಬ್ಯಾಡ್ರಿ. ಬಿಳೀದು ತರ್ರಿ.
ಇನ್ನ ಮುಂದ ಐದು ಹೆಚ್ಚು."